ಗಾಳಿಯ ದಾರಿ: ಮೇಘಾಳಿಗೆ

ಚಿ. ಮೇಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಅಮೆರಿಕದ ನೆಬ್ರಾಸ್ಕಾದ ಸ್ಯಾಂಡ್‌ಹಿಲ್ಸ್ ಹುಲ್ಲುಗಾಡಿನಲ್ಲಿ ಹೆದ್ದಾರಿ 2 ಹಿಡಿದು, ಮಲ್ಲೆನ್‌ನಿಂದ ಹಯಾನಿಸ್‌ಗೆ ಜುಲೈನಲ್ಲಿ ಒಬ್ಬಳೇ ಸೈಕಲ್ ತುಳಿಯುತ್ತೀಯಂತೆ. ಖಂಡಿತ ಹೋಗು. ಆದರೆ ಸುಮಾರು 60 ಕಿ.ಮೀ. ತಾನೇ ಅಂತ ದೂರ ನೋಡಿ ಹೊರಡಬೇಡ ಕಣೇ, ಗಾಳಿ ನೋಡಿ ಹೊರಡು. ಬೆನ್ನಿಗೆ ಗಾಳಿಯಿದ್ದರೆ 3 ಗಂಟೆ, ಎದುರಾದರೆ 6 ಗಂಟೆ. ನೀರು ಯಾವಾಗಲೂ 6 ಗಂಟೆಯ ಲೆಕ್ಕಕ್ಕಿರಲಿ. ಗಂಟೆಗೆ ಮುಕ್ಕಾಲು ಲೀಟರಿನಂತೆ ನಾಲ್ಕೂವರೆ, ಮೇಲೊಂದು ಅರ್ಧ. ಅದರಲ್ಲಿ ಒಂದು ಲೀಟರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿಕೋ. ದಾರಿಯುದ್ದಕ್ಕೂ ಕಾಣುವ ಗಾಳಿಯಂತ್ರದ ತೊಟ್ಟಿಗಳು ದನಗಳಿಗೆ ಕಟ್ಟಿದ್ದು, ಬೇಲಿಯೊಳಗಿನ ಖಾಸಗಿ ಜಮೀನಿನವು. ಅವನ್ನು ನಂಬಿ ಬಾಟಲಿ ಕಡಿಮೆ ಮಾಡಬೇಡ.

ನಮ್ಮ ಹೊಲದ ಬದುವಿನ ನೆಗ್ಗಿಲು ಮುಳ್ಳು ಅಲ್ಲಿಯೂ ಇದೆ. ನಿಲ್ಲುವಾಗ ಡಾಂಬರಿನ ಅಂಚಿನಲ್ಲೇ ನಿಲ್ಲು. ಹುಲ್ಲಿಗೆ ಇಳಿಯಲೇಬೇಕಾದರೆ ಸೈಕಲ್ ಎತ್ತಿಕೊಂಡು ಹೋಗು. ಪಂಕ್ಚರಾದರೆ ಒಂದೇ ತೂತು ಅಂದುಕೊಳ್ಳಬೇಡ. ಟೈರಿನ ಒಳಮೈಯನ್ನು ಬೆರಳಿನಿಂದಲ್ಲ, ಬಟ್ಟೆಯಿಂದ ಸವರು, ಮುಳ್ಳು ಬಟ್ಟೆಗೆ ಸಿಕ್ಕುತ್ತದೆ. ಆ ಗಾಳಿಯಲ್ಲಿ ಟ್ಯೂಬಿನ ಸುಯ್ ಶಬ್ದ ಕೇಳಿಸದು. ಗಾಳಿಗೆ ಬೆನ್ನು ಹಾಕಿ ಕೂತು, ಟ್ಯೂಬನ್ನು ತುಟಿಯ ಹತ್ತಿರ ತಿರುಗಿಸುತ್ತಾ ಹೋದರೆ ತಂಪು ತಗಲಿದಲ್ಲಿ ತೂತು. ಗೋಂದನ್ನು ತೆಳುವಾಗಿ ಹಚ್ಚಿ, ಹೊಳಪು ಹೋಗುವವರೆಗೆ 5 ನಿಮಿಷ ಬಿಡು. ಹಸಿ ಗೋಂದಿನ ಮೇಲೆ ಒತ್ತಿದ ಪ್ಯಾಚು ಬಿಸಿಲಿಗೆ ಎದ್ದುಬರುತ್ತದೆ. ಎರಡು ಹೊಸ ಟ್ಯೂಬು ಹೇಗೂ ಜೊತೆಗಿರಲಿ.

ನನಗೆ ಹೆಚ್ಚು ಭಯ ಅಡ್ಡಗಾಳಿಯದು. ನೀನು ಪಶ್ಚಿಮಕ್ಕೆ ಹೋಗುವವಳು, ಬೇಸಿಗೆಯಲ್ಲಿ ಅಲ್ಲಿ ಹೆಚ್ಚಾಗಿ ತೆಂಕಣ ಗಾಳಿ. ಅಂದರೆ ಎಡಗಡೆಗೆ ವಾಲಿಕೊಂಡೇ ತುಳಿಯುತ್ತಿರುತ್ತೀಯ. ಅಲ್ಲಿ ರಸ್ತೆಯ ಬಲಬದಿಯ ಸಂಚಾರ, ಹಿಂದಿನಿಂದ ಎಡಕ್ಕೆ ದೊಡ್ಡ ಟ್ರಕ್ ಬಂದಾಗ ಗಾಳಿ ಥಟ್ಟನೆ ನಿಂತು ಸೈಕಲ್ ಟ್ರಕ್ಕಿನ ಕಡೆಗೇ ಎಳೆಯುತ್ತದೆ, ಅದು ದಾಟಿದೊಡನೆ ಗಾಳಿ ಬಲಕ್ಕೆ ನೂಕುತ್ತದೆ. ಕನ್ನಡಿಯಲ್ಲಿ ಟ್ರಕ್ ಕಂಡ ಕೂಡಲೇ ಬಲ ಅಂಚಿಗೆ ಸರಿದು, ಹ್ಯಾಂಡಲ್ ಕೆಳಗೆ ಹಿಡಿದು, ವೇಗ ಇಳಿಸು. ಹಾಗೂ ಹಿಡಿತ ಸಿಗದಿದ್ದರೆ ಇಳಿದು ನಿಲ್ಲು.

ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಅದಕ್ಕೇ ಬೆಳಿಗ್ಗೆ 5.30ಕ್ಕೆ ಹೊರಡು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಕಾಯಬೇಡ, ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಿಕೋ. ಎರಡೂ ಇಲ್ಲದಿದ್ದರೆ ದಿಬ್ಬದಿಂದ ಇಳಿ; ಸೈಕಲ್, ತಂತಿಬೇಲಿ, ಒಂಟಿಮರದಿಂದ ದೂರವಿರು. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯಲಿ.

ಹಿಂದಿನ ಊರು ಥೆಡ್‌ಫರ್ಡ್‌ಗಿಂತ ಮಲ್ಲೆನ್‌ನ ಗಡಿಯಾರ ಒಂದು ಗಂಟೆ ಹಿಂದೆ. ಹೊರಟ ಹೊತ್ತು, ತಲುಪದಿದ್ದರೆ ಯಾವ ಹೊತ್ತಿಗೆ ಹುಡುಕಬೇಕು, ಎರಡನ್ನೂ ಮಲ್ಲೆನ್ ಸಮಯದಲ್ಲೇ ಅಂತ ನಮೂದಿಸಿ ಅಮ್ಮನಿಗೂ ನನಗೂ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ