ತುತ್ತಿನ ಹಿಂದಿರುವ ಎಲ್ಲರಿಗೂ

ಹಾಸನದ ನಮ್ಮ ಹಿರಿಯರ ಆರೈಕೆ ಮನೆಯಲ್ಲಿ ಊಟದ ಹೊಸ ಕ್ರಮಕ್ಕೆ ಈ ವಾರ ಒಂದು ವರ್ಷ ತುಂಬಿತು. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಅಜ್ಜಿ, ತಾತಂದಿರ ಊಟವನ್ನು ದಿನಕ್ಕೆ ಮೂರು ಹೊತ್ತು ನಡೆಸಿಕೊಟ್ಟವರಿಗೆಲ್ಲ ಈ ಬರಹ.

ಮೊದಲು ಅಡುಗೆಯವರಿಗೆ. ಈ ಕಡೆಯ ಹಿರಿಯರಿಗೆ ಮುದ್ದೆ ಕಾಣದಿದ್ದರೆ ಅದು ಊಟವೇ ಅಲ್ಲ. ಆದರೆ ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ನುಂಗುವ ಶಕ್ತಿ ಕುಂದಿದವರಿಗೆ ಅದು ಗಂಟಲಲ್ಲೇ ಕೂತುಬಿಡುತ್ತದೆ. ವೈದ್ಯರು ಹೇಳಿದಂತೆ ಯಾರಿಗೆ ಮುದ್ದೆ, ಯಾರಿಗೆ ರಾಗಿ ಗಂಜಿ ಎಂದು ನರ್ಸ್ ಜೊತೆ ದಿನವೂ ಕೇಳಿಕೊಂಡೇ ಬಡಿಸಿದಿರಿ. ನೀರಾದ ಸಾರು ಬೇಗ ಜಾರಿ ನೆತ್ತಿಗೇರುತ್ತದೆ, ಅದರಲ್ಲಿ ಕಾಳೂ ತೇಲಿದರೆ ಇನ್ನೂ ಕಷ್ಟ. ಅದಕ್ಕೇ ಬೇಕಾದವರಿಗೆ ಬಸ್ಸಾರನ್ನು ಕಾಳಿನ ಸಮೇತ ರುಬ್ಬಿ ಮಂದ ಮಾಡಿದಿರಿ. ಒಗ್ಗರಣೆಯ ಕರಿಬೇವನ್ನೂ ಆರಿಸಿ ತೆಗೆದಿರಿ. ಅಂಗುಳಿಗೆ ಅಂಟಿದರೆ ಹೇಳಲು ಅವರಿಗೆ ಮಾತು ಸಿಗುವುದಿಲ್ಲ.

ಆರೈಕೆಯ ಅಕ್ಕಂದಿರೇ, ಅಣ್ಣಂದಿರೇ, ನಿಂತುಕೊಂಡು ತಿನ್ನಿಸುವುದನ್ನು ನೀವು ಬಿಟ್ಟಿರಿ. ಎದುರಿಗೆ ಕೂತು, ಅವರ ಬೆನ್ನು ನೇರ ಮಾಡಿ, ಪಾದ ನೆಲಕ್ಕೆ ತಾಗಿಸಿ, ಚಿಕ್ಕ ಚಮಚದ ತುತ್ತು. ಗಂಟಲು ಏರಿ ಇಳಿದ ಮೇಲಷ್ಟೇ ಮುಂದಿನದು. ಕೆನ್ನೆಯೊಳಗೆ ಅನ್ನ ಉಳಿದಿದೆಯೇ ಎಂದು ನೋಡಿ, ಆಮೇಲೂ ಅರ್ಧ ಗಂಟೆ ಕೂರಿಸಿದಿರಿ. ಮುಖ ತಿರುಗಿಸಿದರೆ ಬಲವಂತವಿಲ್ಲ, 20 ನಿಮಿಷ ಬಿಟ್ಟು ಮತ್ತೆ ಕರೆದಿರಿ. ದನಿ ಗೊರಗೊರ ಎಂದ ಕೂಡಲೇ ಚಮಚ ಕೆಳಗಿಟ್ಟು ನರ್ಸ್ ಅವರನ್ನು ಕೂಗಿದಿರಿ. ಇದೆಲ್ಲ ಆಗಬೇಕಾದರೆ ಕೂತವರು ನಡುವೆ ಏಳಬಾರದು. ಊಟದ ಆ 40 ನಿಮಿಷ ಫೋನು, ಬಾಗಿಲು, ಶೌಚದ ಕರೆಗಳನ್ನೆಲ್ಲ ತಾವೇ ನೋಡಿಕೊಂಡವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದೂ ತುತ್ತು ಕೊಟ್ಟಷ್ಟೇ ದೊಡ್ಡದು.

ತಟ್ಟೆ ತೊಳೆಯುವ ಅಕ್ಕನಿಗೆ ಎಷ್ಟು ಹೇಳಿದರೂ ಸಾಲದು. ಒಬ್ಬ ತಾತನ ತಟ್ಟೆಯಲ್ಲಿ ಎಡಗಡೆಯ ಅನ್ನ ಮಾತ್ರ ದಿನವೂ ಉಳಿಯುತ್ತದೆ ಎಂದು ಮೊದಲು ಹೇಳಿದವರು ಅವರು. ಪಾರ್ಶ್ವವಾಯು ಆದ ಕೆಲವರಿಗೆ ಒಂದು ಪಕ್ಕ ಗಮನಕ್ಕೇ ಬರುವುದಿಲ್ಲ. ಈಗ ಅರ್ಧ ಊಟಕ್ಕೆ ತಟ್ಟೆ ತಿರುಗಿಸಿಡುತ್ತೇವೆ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಬಿಳಿ ಅನ್ನ ಎದ್ದು ಕಾಣುವುದಿಲ್ಲವೆಂದು ಬಣ್ಣದ ತಟ್ಟೆ ತಂದುಕೊಟ್ಟ ಮನೆಯವರಿಗೂ ನಮಸ್ಕಾರ.

ಇನ್ನು ರಾತ್ರಿ ಪಾಳಿಯವರು. ‘ಅಜ್ಜಿ ರಾತ್ರಿಯೆಲ್ಲ ಮಲಗಿಲ್ಲ’ ಎಂಬ ಒಂದು ಮಾತು ತಪ್ಪಿದರೆ ಬೆಳಗ್ಗೆ ತೂಕಡಿಸುವ ಬಾಯಿಗೆ ತಿಂಡಿ ಇಟ್ಟುಬಿಡುತ್ತಾರೆ. ಮನೆಗೆ ಹೋಗುವ ಬಸ್ಸಿನ ಆತುರದಲ್ಲೂ ಆ ಮಾತನ್ನು ಹೇಳಿಯೇ ಹೊರಟವರು ನೀವು.