‘ಕೆಂಪು ಕೊಂಬು’ ಹಿಮಶಿಖರವಾದದ್ದು ಹೇಗೆ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಭಾನುವಾರ ನಡೆದ ರಸಪ್ರಶ್ನೆಯ ವರದಿ ಓದಿದೆ. ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯಲ್ಲಿ ಬರುವ ಕರದ್ರಸ್ ಬೆಟ್ಟದ ಹೆಸರಿಗೆ ‘ಹಿಮಶಿಖರ’ ಎಂಬ ಅರ್ಥವನ್ನು ನೀವೂ ಕಣ್ಣುಮುಚ್ಚಿ ಅಚ್ಚು ಹಾಕಿದ್ದೀರಿ. ‘ಕೆಂಪು ಕೊಂಬು’ ಎಂಬ ಸರಿ ಉತ್ತರ ಹೇಳಿಯೂ ಅಂಕ ಕಳೆದುಕೊಂಡವಳು ನನ್ನ ಮಗಳು.

ಟೋಲ್ಕಿನ್ ಕಟ್ಟಿದ ಸಿಂಡರಿನ್ ಭಾಷೆಯಲ್ಲಿ ‘ಕರನ್’ ಎಂದರೆ ಕೆಂಪು, ‘ರಸ್’ ಎಂದರೆ ಕೊಂಬು. ಎರಡೂ ಕೂಡುವಾಗ ನಕಾರ ಹೋಗಿ ದಕಾರಕ್ಕೆ ಹತ್ತಿರದ ಧ್ವನಿ ಬರುತ್ತದೆ, ನಮ್ಮಲ್ಲಿ ಮಳೆ, ಕಾಲ ಸೇರಿ ಮಳೆಗಾಲ ಆಗುವ ಹಾಗೆ. ಕತೆಯಲ್ಲಿ ಬರುವ ಕುಳ್ಳರ ಭಾಷೆಯಲ್ಲಿ ಅದೇ ಬೆಟ್ಟಕ್ಕಿರುವ ಬರಜಿನ್‌ಬರ್ ಎಂಬ ಹೆಸರಿಗೂ ಕೆಂಪು ಕೊಂಬು ಎಂದೇ ಅರ್ಥ. ಕತೆಯಲ್ಲಿ ಪ್ರಯಾಣಿಕರು ಅಲ್ಲಿ ಹಿಮಕ್ಕೆ ಸಿಕ್ಕಿಕೊಳ್ಳುತ್ತಾರೆ, ನಿಜ. ಹೆಸರು ಬಂದದ್ದು ಮಾತ್ರ ಹಿಮದಿಂದಲ್ಲ, ಬೆಟ್ಟದ ಕೆಂಪು ಬಣ್ಣದಿಂದ.

ಮಗಳು ಇದನ್ನು ವಿವರಿಸಲು ಹೊರಟರೆ, ಪ್ರಶ್ನೆ ಕೇಳುತ್ತಿದ್ದವರು ಕೈಯಲ್ಲಿದ್ದ ಚೀಟಿಯನ್ನು ಬೆರಳಿನಿಂದ ಕುಟ್ಟಿ, ‘ಇಲ್ಲಿ ಹಾಗೆ ಬರೆದಿಲ್ಲಮ್ಮಾ’ ಎಂದು ಗಂಟೆ ಬಾರಿಸಿಬಿಟ್ಟರು. ಪಕ್ಕದ ಬೆಟ್ಟ ಕೆಲೆಬ್ದಿಲ್ ಅವರ ಬಾಯಲ್ಲಿ ‘ಸೆಲೆಬ್ದಿಲ್’ ಆಗಿತ್ತು. ಇಂಥ ಹೆಸರುಗಳಲ್ಲಿ ಬರುವ ಇಂಗ್ಲಿಷಿನ ‘ಸಿ’ ಅಕ್ಷರಕ್ಕೆ ಎಲ್ಲೆಡೆ ಕಕಾರದ ಉಚ್ಚಾರವೇ ಎಂದು ಕಾದಂಬರಿಯ 1955ರ ಮೂರನೆಯ ಸಂಪುಟದ ಅನುಬಂಧದಲ್ಲಿ ಲೇಖಕರೇ ತಿಳಿಸಿದ್ದಾರೆ. ಅಷ್ಟನ್ನೂ ಓದದವರ ಕೈಗೆ ಮೈಕ್ ಕೊಟ್ಟವರು ಯಾರು?

ಕಾರ್ಯಕ್ರಮ ಶುರುವಾದದ್ದೇ ತಡವಾಗಿ. ವಾರ್ಡ್ ಕಚೇರಿಯ ಅಧಿಕಾರಿ ಬರಲೆಂದು ಮಕ್ಕಳನ್ನು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾಯಿಸಿದರು. ಬಂದವರು ಶಾಲು ಹೊದಿಸಿಕೊಂಡು, ಜ್ಞಾನದ ಮಹತ್ವದ ಬಗ್ಗೆ ಉದ್ದುದ್ದ ಭಾಷಣ ಬಿಗಿದು, ಮೊದಲ ಪ್ರಶ್ನೆಗೂ ನಿಲ್ಲದೆ ಹೊರಟರು. ನಾವು ಹೊರಬರುವ ಹೊತ್ತಿಗೆ ಜಡಿಮಳೆ. ಕನಕಪುರ ರಸ್ತೆಯಲ್ಲಿ ಒಂದು ಆಟೊದವರೂ ಬರಲು ಒಪ್ಪಲಿಲ್ಲ. ನೆನೆದು ಮನೆ ಸೇರಿದ ಮಗಳಿಗೆ ಈಗ ನೆಗಡಿ, ಜ್ವರ.

ಇದೇ ಅಧಿಕಾರಿಯ ಕಚೇರಿಯವರು ನಮ್ಮ ಮನೆಯ ಖಾತೆಯಲ್ಲಿ ಮಾವನವರ ಹೆಸರನ್ನು ತಪ್ಪಾಗಿ ಬರೆದು, ತಿದ್ದಲು ನಮ್ಮಿಂದಲೇ ಅಫಿಡವಿಟ್ ಕೇಳಿದರು. ತಪ್ಪು ಅವರದು, ಛಾಪಾ ಕಾಗದದ ದುಡ್ಡು, ಅಲೆದಾಟ ನಮ್ಮದು! ಅಡ್ಡರಸ್ತೆಯ ಫಲಕದಲ್ಲಿ ಒತ್ತಕ್ಷರ ಉದುರಿ ವರ್ಷಗಳಾದವು, ಕೇಳುವವರೇ ಇಲ್ಲ. ಹೆಸರುಗಳೆಂದರೆ ಇವರಿಗೆ ಅಷ್ಟು ಸದರ.

ಸಂಘಟಕರು ಮಗಳಿಗೆ ಅಂಕ ಕೊಡಲಿ, ನೀವು ತಿದ್ದುಪಡಿ ಪ್ರಕಟಿಸಿ, ಅಧಿಕಾರಿಗಳು ಫಲಕದ ಕಡೆ ಒಮ್ಮೆ ತಲೆ ಎತ್ತಿ ನೋಡಲಿ. ಆ ಚೀಟಿ ಬರೆದವರಂತೂ ಇನ್ನು ಮಕ್ಕಳ ಕಾರ್ಯಕ್ರಮದ ಹತ್ತಿರ ಸುಳಿಯಕೂಡದು.

– ವಿದ್ಯಾರ್ಥಿನಿಯ ತಾಯಿ, ಬೆಂಗಳೂರು