ಡ್ಯೂಕ್ ಸ್ಲೇಟರ್ ಬಗ್ಗೆ ಗೆಳೆಯನಿಗೊಂದು ಪತ್ರ

ಗೆಳೆಯಾ,

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವವನ ಹೆಸರು ಬಿಟ್ಟರೆ ಬೇರೆಯವರದು ತಲೆಯಲ್ಲಿ ನಿಲ್ಲುವುದಿಲ್ಲ ಅಂತ ನೀನು ಅಂದಿದ್ದೆ ಅಲ್ವಾ? ಹಾಗಾದರೆ ಡ್ಯೂಕ್ ಸ್ಲೇಟರ್ ಕತೆ ಕೇಳು. ಇವನು ಲೈನ್‌ಮನ್. ಚೆಂಡು ಮುಟ್ಟುವ ಕೆಲಸವೇ ಇವನದಲ್ಲ. ತೇರಿನ ಮುಂದೆ ನಿಂತು ಜನರನ್ನು ಸರಿಸುವವರಿರುತ್ತಾರಲ್ಲ, ಹಾಗೆ ಎದುರಾಳಿಗಳನ್ನು ತಳ್ಳಿ ಹಿಂದಿನವನಿಗೆ ದಾರಿ ಮಾಡಿಕೊಡಬೇಕು.

ಹುಟ್ಟಿದ್ದು 1898ರಲ್ಲಿ, ಇಲಿನಾಯ್ ರಾಜ್ಯದಲ್ಲಿ. ಅಪ್ಪ ಪಾದ್ರಿ. ಮಗ ಫುಟ್‌ಬಾಲ್ ಆಡಿದರೆ ಕೈಕಾಲು ಮುರಿದುಕೊಳ್ಳುತ್ತಾನೆ ಅಂತ ಬೇಡವೇ ಬೇಡ ಅಂದುಬಿಟ್ಟರು. ಹುಡುಗ ಊಟ ಬಿಟ್ಟು ಕೂತ, ಅಪ್ಪನೇ ಸೋತರು. ಆದರೆ ಶೂ, ಹೆಲ್ಮೆಟ್ ಎರಡನ್ನೂ ಮನೆಯವರೇ ಕೊಡಿಸಬೇಕಿತ್ತು, ದುಡ್ಡಿದ್ದದ್ದು ಒಂದಕ್ಕೆ ಮಾತ್ರ. ಅವನ ಪಾದ ಎಷ್ಟು ದೊಡ್ಡದಿತ್ತೆಂದರೆ ಅಳತೆಯ ಶೂ ಊರಲ್ಲಿ ಸಿಗುತ್ತಿರಲಿಲ್ಲ, ಶಿಕಾಗೊದಿಂದ ತರಿಸಬೇಕಾಯಿತು. ಶೂ ಬಂತು, ಹೆಲ್ಮೆಟ್ ಬರಲಿಲ್ಲ. ಬರಿ ತಲೆಯಲ್ಲೇ ಆಡಿದ. ಅಯೋವಾ ಯೂನಿವರ್ಸಿಟಿಗೆ ಸೇರಿದ ಮೇಲೂ ಅದೇ ರೂಢಿ ಮುಂದುವರಿಯಿತು.

1921ರಲ್ಲಿ ಅಯೋವಾ ನೋಟರ್ ಡೇಮ್ ಯೂನಿವರ್ಸಿಟಿ ತಂಡವನ್ನು 10-7ರಿಂದ ಸೋಲಿಸಿತು. ಸತತ 20 ಆಟ ಗೆದ್ದು ಬಂದಿದ್ದ ತಂಡ ಅದು! ಆ ಆಟದ ಒಂದು ಫೋಟೋ ಇದೆ. ಎಲ್ಲರ ತಲೆಯ ಮೇಲೂ ಹೆಲ್ಮೆಟ್, ಸ್ಲೇಟರ್ ಒಬ್ಬನೇ ಬರಿ ತಲೆಯಲ್ಲಿ ಬಗ್ಗಿ ಒಂದಲ್ಲ ಹಲವರನ್ನು ಒಟ್ಟಿಗೆ ಒತ್ತಿ ಹಿಡಿದಿದ್ದಾನೆ, ಪಕ್ಕದಲ್ಲಿ ಅವನದೇ ತಂಡದ ಗಾರ್ಡನ್ ಲಾಕ್ ಚೆಂಡು ಹಿಡಿದು ನುಗ್ಗುತ್ತಿದ್ದಾನೆ. ನನಗಂತೂ ಲಾಕ್ ಮೇಲೆ ಕಣ್ಣು ಹೋಗುವುದೇ ಇಲ್ಲ.

1922ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್ ಸೇರಿದ. ಆ ಲೀಗಿನ ಮೊದಲ ಕಪ್ಪು ವರ್ಣದ ಲೈನ್‌ಮನ್. ಮೊದಲು ರಾಕ್ ಐಲೆಂಡ್ ತಂಡ, ಆಮೇಲೆ ಶಿಕಾಗೊ ಕಾರ್ಡಿನಲ್ಸ್, 1931ರವರೆಗೂ ಆಡಿದ. ಗಾಯವಾಯಿತು ಅಂತ ಒಂದು ಆಟವನ್ನೂ ತಪ್ಪಿಸಿದವನಲ್ಲ. ಆದರೆ 1924ರಲ್ಲಿ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ಆಟ ಇದ್ದಾಗ ಅವನನ್ನು ಇಳಿಸಲಿಲ್ಲ. ಮಿಸೌರಿಯಲ್ಲಿ ಕಪ್ಪು ಆಟಗಾರರನ್ನು ಆಡಿಸಬಾರದು ಅನ್ನುವುದು ಎರಡೂ ಕಡೆಯವರು ಒಪ್ಪಿಕೊಂಡಿದ್ದ ಒಳ ಮಾತು. ಅಲ್ಲಿಯವರೆಗೆ ಸೋಲು ಕಾಣದ ರಾಕ್ ಐಲೆಂಡ್ ಅವತ್ತು ಸೋತಿತು. ಇದನ್ನು ಓದಿದಾಗ ಹೊಟ್ಟೆ ಉರಿಯಿತು ಕಣೋ.

1929ರ ನವೆಂಬರ್ 28, ಕಾರ್ಡಿನಲ್ಸ್ ಮತ್ತು ಶಿಕಾಗೊ ಬೇರ್ಸ್ ನಡುವೆ ಆಟ. ಕಾರ್ಡಿನಲ್ಸ್‌ನ ಎರ್ನಿ ನೆವರ್ಸ್ ಒಬ್ಬನೇ ಆರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಮಾಡಿ, ತಂಡದ 40 ಪಾಯಿಂಟನ್ನೂ ತಾನೇ ಗಳಿಸಿದ. ಆ ದಾಖಲೆ ಇನ್ನೂ ಮುರಿದಿಲ್ಲ. ನೆವರ್ಸ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತು ಅವನ ಮುಂದಿನ ಲೈನಿನಲ್ಲಿ ಇದ್ದವನು ಸ್ಲೇಟರ್. ದಾರಿ ಬಿಡಿಸಿದ್ದಕ್ಕೆ ಸ್ಕೋರ್ ಬುಕ್ಕಿನಲ್ಲಿ ಕಾಲಮ್ಮೇ ಇಲ್ಲ.

ಇಷ್ಟರ ಮಧ್ಯೆ ಕಾನೂನು ಬೇರೆ ಓದುತ್ತಿದ್ದ. ಸೀಸನ್ ಮುಗಿದರೆ ಕ್ಲಾಸು. 1928ರಲ್ಲಿ ಡಿಗ್ರಿ ಪಡೆದ, ಶಿಕಾಗೊದಲ್ಲಿ ವಕೀಲನಾದ, 1948ರಲ್ಲಿ ಚುನಾವಣೆ ಗೆದ್ದು ಜಡ್ಜ್ ಆದ. ಅವನು ಆಟ ಬಿಟ್ಟ ಸ್ವಲ್ಪ ಕಾಲಕ್ಕೆ, 1934ರಿಂದ 1945ರವರೆಗೆ, ಎನ್‌ಎಫ್‌ಎಲ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಹತ್ತು ಸೀಸನ್ ಕಣ್ಣೆದುರೇ ಇವನ ಆಟ ನೋಡಿದ ಲೀಗು ಅದು!

ಶ್ರೇಷ್ಠ ಆಟಗಾರರನ್ನು ಆರಿಸಿ ಗೌರವಿಸುವ ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ 1951ರಲ್ಲೇ, ಮೊದಲ ಸಲ ಆರಿಸಿದವರ ಜೊತೆಯಲ್ಲೇ ಅವನನ್ನು ಸೇರಿಸಿಕೊಂಡಿತು. ವೃತ್ತಿಪರರ ಹಾಲ್ ಆಫ್ ಫೇಮ್‌ಗೆ ಆರಿಸಿದ್ದು 2020ರಲ್ಲಿ. ಸ್ಲೇಟರ್ ತೀರಿಕೊಂಡದ್ದು 1966ರಲ್ಲಿ. ಅಷ್ಟು ವರ್ಷ ಯಾಕೆ ಬೇಕಿತ್ತು, ನೀನೇ ಹೇಳು. 2021ರಲ್ಲಿ ಅಯೋವಾದ ಕಿನ್ನಿಕ್ ಸ್ಟೇಡಿಯಂನ ಮೈದಾನಕ್ಕೆ ಅವನ ಹೆಸರಿಟ್ಟರು. ಇದು ಮಾತ್ರ ನನಗೆ ನಿಜವಾಗಿ ಖುಷಿ ಕೊಟ್ಟಿತು.

ಆ 1921ರ ಫೋಟೋ ಹುಡುಕಿ ನೋಡು. ನೋಡಿದ ಮೇಲೆ ಫೋನ್ ಮಾಡು, ಕಾನ್ಸಾಸ್ ಸಿಟಿ ವಿಷಯ ಇನ್ನೂ ಮಾತಾಡುವುದಿದೆ.

ನಿನ್ನ ಗೆಳೆಯ